ಗಾಯಗೊಂಡ ಮಿದುಳಿಗೆ ಹೊಸ ಕೋಶಗಳ ನಾಟಿ

ಈ ಅಂಕಣಕ್ಕೆ ವಾಚಕ ಬಂಧುಗಳಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕುತೂಹಲದಿಂದ ಹುಟ್ಟಿದವು. ಮಿಂಚುಹುಳು ಹೇಗೆ ಬೆಳಗುತ್ತದೆ, ಸಮುದ್ರದ ನೀರು ಏಕೆ ಉಪ್ಪು ಎಂಬಂಥವು. ಅವಕ್ಕೆ ಉತ್ತರ ಬರೆಯುವುದು ನಮಗೂ ಸಂತೋಷದ ಕೆಲಸ. ಈ ತಿಂಗಳು ಎತ್ತಿಕೊಂಡಿರುವ ಪ್ರಶ್ನೆ ಮಾತ್ರ ಸಂಕಟದಿಂದ ಹುಟ್ಟಿದ್ದು. ಅದು ಅಂಚೆಯಲ್ಲಿ ಬಂದದ್ದೂ ಅಲ್ಲ.

ಕಳೆದ ಆಟಿ ತಿಂಗಳ ಒಂದು ಸಂಜೆ, ಶಾಲೆ ಬಿಟ್ಟ ಹೊತ್ತಿಗೆ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಕೊಡೆ ಮಡಚಿ ಶಾಲೆಯ ಜಗಲಿಯಲ್ಲಿ ಬಂದು ಕುಳಿತರು. ಮಗ ಎರಡು ವರ್ಷಗಳ ಹಿಂದೆ ಮಳೆ ಬಿಟ್ಟ ಒಂದು ದಿನ ಅಡಿಕೆಗೆ ಮದ್ದು ಬಿಡಲೆಂದು ಮರ ಏರಿದ್ದವನು, ಪಾಚಿ ಹಿಡಿದ ಮರದಿಂದ ಜಾರಿ ಬಿದ್ದಿದ್ದ. ಮಂಗಳೂರಿನ ಆಸ್ಪತ್ರೆಯಲ್ಲಿ ಪ್ರಾಣವೇನೋ ಉಳಿಯಿತು. ಆದರೆ ಬಲಗೈ ಮತ್ತು ಬಲಗಾಲು ಪೂರ್ಣವಾಗಿ ಸ್ವಾಧೀನಕ್ಕೆ ಬರಲಿಲ್ಲ. ಮಾತು ಹುಡುಕಿ ಹುಡುಕಿ ಬರುತ್ತದೆ. ತಾಯಿ ತಮ್ಮ ಚೀಲದಿಂದ ನುಣುಪಾದ ಬಣ್ಣದ ಕಾಗದವೊಂದನ್ನು ತೆಗೆದು ನಮ್ಮ ಕೈಗಿತ್ತರು. ದೂರದ ನಗರವೊಂದರ ಚಿಕಿತ್ಸಾಲಯದ ಪ್ರಕಟಣೆ ಅದು. ರೋಗಿಯ ಎಲುಬಿನ ಮಜ್ಜೆಯಿಂದಲೇ 'ಸ್ಟೆಮ್ ಸೆಲ್' ತೆಗೆದು, ಬೆನ್ನಿನ ಮೂಲಕ ಮೂರು ಸಲ ಚುಚ್ಚುಮದ್ದಾಗಿ ಕೊಟ್ಟರೆ ಸತ್ತ ಮಿದುಳು ಮತ್ತೆ ಚಿಗುರುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. ಖರ್ಚು ಹಲವು ಲಕ್ಷ. ಕೆಳಗಿನ ತೋಟವನ್ನು ಮಾರುವ ಮಾತುಕತೆ ಮನೆಯಲ್ಲಿ ಆಗಲೇ ನಡೆದಿತ್ತು.

"ಮಾಷ್ಟ್ರೇ, ನೀವು ನಾಲ್ಕು ಪುಸ್ತಕ ಓದಿದವರು. ಇದರಲ್ಲಿ ಬರೆದದ್ದು ಸತ್ಯವೋ? ಸತ್ಯವಾದರೆ ತೋಟ ಹೋದರೆ ಹೋಗಲಿ" ಎಂದರು.

ನಾವು ವೈದ್ಯರಲ್ಲ, ಮಕ್ಕಳಿಗೆ ಪಾಠ ಹೇಳುವವರು. ಓದಿ ತಿಳಿದು ಹೇಳುವುದಕ್ಕೆ ಒಂದು ತಿಂಗಳ ಅವಧಿ ಬೇಡಿದೆವು. ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ. ಇಂಥ ಕಾಗದ ಇನ್ನೆಷ್ಟು ಮನೆಗಳ ಬಾಗಿಲಿಗೆ ಬಂದಿದೆಯೋ ಬಲ್ಲವರಾರು?

ಮಿದುಳಿನ ಗಾಯ ಏಕೆ ಮಾಯುವುದಿಲ್ಲ?

ಕತ್ತಿ ತಾಗಿದ ಬೆರಳು ವಾರದೊಳಗೆ ಕೂಡಿಕೊಳ್ಳುತ್ತದೆ. ಮುರಿದ ಎಲುಬು ತಿಂಗಳುಗಳಲ್ಲಿ ಬೆಸೆಯುತ್ತದೆ. ಚರ್ಮದ, ಎಲುಬಿನ ಕೋಶಗಳು ಒಡೆದು ಎರಡಾಗಿ, ಎರಡು ನಾಲ್ಕಾಗಿ, ನಷ್ಟವನ್ನು ತುಂಬಿಕೊಡಬಲ್ಲವು. ಮಿದುಳಿನ ಸ್ಥಿತಿ ಹೀಗಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ ಎಂದು ೨೦೦೯ರಲ್ಲಿ ಪ್ರಕಟವಾದ ಎಣಿಕೆ ಹೇಳುತ್ತದೆ. ಒಂದೊಂದು ನರಕೋಶವೂ ಸಾವಿರಾರು ಇತರ ಕೋಶಗಳೊಡನೆ ತಂತುಗಳ ಮೂಲಕ ಸಂಬಂಧ ಬೆಳೆಸಿಕೊಂಡಿರುತ್ತದೆ. ಪ್ರೌಢವಾದ ನರಕೋಶ ಒಡೆದು ಎರಡಾಗುವುದಿಲ್ಲ. ಸತ್ತರೆ ಸತ್ತಂತೆಯೇ.

ತಲೆಗೆ ಪೆಟ್ಟು ಬಿದ್ದಾಗ ಹಾನಿ ಎರಡು ಹಂತಗಳಲ್ಲಿ ಆಗುತ್ತದೆ. ಪೆಟ್ಟಿನ ಕ್ಷಣದಲ್ಲಿಯೇ ಕೆಲವು ಕೋಶಗಳು ಜಜ್ಜಿಹೋಗುತ್ತವೆ, ತಂತುಗಳು ಹರಿಯುತ್ತವೆ. ಅನಂತರದ ಗಂಟೆಗಳಲ್ಲಿ, ದಿನಗಳಲ್ಲಿ ಬಾವು ಏರಿ, ರಕ್ತಸಂಚಾರ ಕುಗ್ಗಿ, ಸಾಯುವ ಕೋಶಗಳಿಂದ ಸೋರಿದ ದ್ರವ್ಯಗಳು ನೆರೆಹೊರೆಯ ಕೋಶಗಳನ್ನೂ ಕೊಲ್ಲುತ್ತವೆ. ತಲೆಗೆ ಪೆಟ್ಟಾದವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕೆನ್ನುವುದು ಈ ಎರಡನೆಯ ಹಂತವನ್ನು ತಡೆಯುವುದಕ್ಕಾಗಿಯೇ. ಕೊನೆಗೆ ಗಾಯದ ಸ್ಥಳದಲ್ಲಿ ಕಲೆ ಕಟ್ಟುತ್ತದೆ. ದೊಡ್ಡ ಗಾಯವಾದರೆ ಒಂದು ಪೊಳ್ಳೇ ಉಳಿಯುತ್ತದೆ.

ನರಮಂಡಲದ ರಚನೆಯನ್ನು ಕಂಡುಹಿಡಿದು ೧೯೦೬ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಾಹಾಲ್ ಮಹಾಶಯರು, ಬೆಳೆದ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟದು ಎಂಬ ತೀರ್ಮಾನಕ್ಕೆ ಬಂದಿದ್ದರು. ಅರ್ಧ ಶತಮಾನದ ಕಾಲ ಆ ಮಾತು ಶಾಸ್ತ್ರವಾಕ್ಯದಂತೆ ನಡೆಯಿತು.

ಶಾಸ್ತ್ರವಾಕ್ಯ ಸಡಿಲಿದ ಬಗೆ

ಅದನ್ನು ಮೊದಲು ಅಲುಗಿಸಿದವರು ಅಮೆರಿಕದ ಜೋಸೆಫ್ ಆಲ್ಟ್‌ಮನ್. ಹೊಸದಾಗಿ ಹುಟ್ಟುವ ಕೋಶಗಳಿಗೆ ಮಾತ್ರ ಅಂಟುವ ವಿಕಿರಣಶೀಲ ಗುರುತೊಂದನ್ನು ಇಲಿಗಳಿಗೆ ಕೊಟ್ಟು, ಬೆಳೆದ ಇಲಿಯ ಮಿದುಳಿನಲ್ಲಿಯೂ ಹೊಸ ನರಕೋಶಗಳು ಕಾಣುತ್ತವೆಂದು ೧೯೬೨ರಲ್ಲಿ ಅವರು ಬರೆದರು. ೧೯೬೫ರಲ್ಲಿ ಗೋಪಾಲ ದಾಸ್ ಎಂಬ ಸಹೋದ್ಯೋಗಿಯೊಡನೆ ಇನ್ನೂ ವಿವರವಾದ ಲೇಖನ ಪ್ರಕಟಿಸಿದರು. ವಿದ್ವಾಂಸರು ಬಹುಕಾಲ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ೧೯೮೦ರ ದಶಕದಲ್ಲಿ ಫರ್ನಾಂಡೊ ನಾಟೆಬಾಮ್ ಅವರು ಕೆನರಿ ಎಂಬ ಹಾಡುಹಕ್ಕಿಯ ಮಿದುಳಿನಲ್ಲಿ, ಹಾಡಿಗೆ ಸಂಬಂಧಪಟ್ಟ ಭಾಗದಲ್ಲಿಯೇ, ಹೊಸ ನರಕೋಶಗಳು ಹುಟ್ಟುವುದನ್ನು ತೋರಿಸಿದರು. ೧೯೯೨ರಲ್ಲಿ ಕೆನಡಾದ ರೆನಾಲ್ಡ್ಸ್ ಮತ್ತು ವೈಸ್ ಎಂಬ ಇಬ್ಬರು, ಬೆಳೆದ ಇಲಿಗಳ ಮಿದುಳಿನಿಂದ ಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಪೋಷಿಸಿದಾಗ ಕೆಲವು ಕೋಶಗಳು ವೃದ್ಧಿಯಾಗುತ್ತ ಹೋಗಿ ನರಕೋಶಗಳನ್ನೂ ಅವುಗಳ ಪರಿಚಾರಕ ಕೋಶಗಳನ್ನೂ ಹಡೆದವು. ಇವೇ ನರ ಕಾಂಡಕೋಶಗಳು.

ಮನುಷ್ಯನ ವಿಷಯದಲ್ಲಿ ಸಾಕ್ಷ್ಯ ದೊರೆತದ್ದು ೧೯೯೮ರಲ್ಲಿ. ಕ್ಯಾನ್ಸರ್ ರೋಗದ ಪರೀಕ್ಷೆಗಾಗಿ ಹೊಸ ಕೋಶಗಳನ್ನು ಗುರುತಿಸುವ ದ್ರವ್ಯವನ್ನು ಪಡೆದಿದ್ದ ಐವರು ರೋಗಿಗಳ ಮಿದುಳನ್ನು ಅವರ ಮರಣಾನಂತರ ಸ್ವೀಡನ್ ಮತ್ತು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿದರು. ನೆನಪಿನ ಕೆಲಸಕ್ಕೆ ಅವಶ್ಯವಾದ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ನರಕೋಶಗಳು ಕಂಡುಬಂದವು. ಆದರೂ ಚರ್ಚೆ ಮುಗಿದಿಲ್ಲ: ೨೦೧೮ರಲ್ಲಿ ಒಂದು ತಂಡ ವಯಸ್ಕರಲ್ಲಿ ಹೊಸ ನರಕೋಶಗಳು ಕಾಣಲೇ ಇಲ್ಲವೆಂದರೆ, ಅದೇ ವರ್ಷ ಇನ್ನೊಂದು ತಂಡ ಮುಪ್ಪಿನವರೆಗೂ ಕಾಣುತ್ತವೆಂದಿತು. ಎರಡೂ ಪಕ್ಷದವರು ಒಪ್ಪುವ ಮಾತೊಂದಿದೆ: ದೊಡ್ಡ ಗಾಯವೊಂದನ್ನು ತಾನಾಗಿಯೇ ತುಂಬಿಕೊಳ್ಳುವಷ್ಟು ಹೊಸ ಕೋಶಗಳು ಮನುಷ್ಯನ ಮಿದುಳಿನಲ್ಲಿ ಹುಟ್ಟುವುದಿಲ್ಲ.

ಹಾಗಾದರೆ ಹೊರಗಿನಿಂದ ತಂದು ನೆಟ್ಟರೇನು? ಒಂದು ಕಡೆ ನೇಜಿ ಬೆಳೆಸಿ ಇನ್ನೊಂದು ಗದ್ದೆಯಲ್ಲಿ ನೆಡುವುದು ನಮಗೆ ಹೊಸದಲ್ಲವಷ್ಟೆ. ವಿಜ್ಞಾನಿಗಳ ಯೋಚನೆಯೂ ಅದೇ ದಾರಿಯಲ್ಲಿ ಹೋಯಿತು.

ನೆಟ್ಟು ನೋಡಿದವರು

ಶುದ್ಧೀಕರಿಸಿ ಬೆಳೆಸಿದ ನರ ಕಾಂಡಕೋಶಗಳನ್ನು ಅಮೆರಿಕದ ಆರೆಗನ್ ರಾಜ್ಯದಲ್ಲಿ ೨೦೦೬ರಲ್ಲಿ, ಬ್ಯಾಟನ್ ರೋಗವೆಂಬ ಮಾರಕ ವ್ಯಾಧಿಯಿಂದ ನರಳುತ್ತಿದ್ದ ಮಗುವಿನ ಮಿದುಳಿನಲ್ಲಿ ನೆಟ್ಟರು. ೨೦೧೦ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಪಾರ್ಶ್ವವಾಯುವಿನ ರೋಗಿಗಳ ಮೇಲೆ ಒಂದು ಪ್ರಯೋಗ ಆರಂಭವಾಯಿತು. ೬೦ ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ೧೧ ಮಂದಿ ಪುರುಷರು. ಪಾರ್ಶ್ವವಾಯು ಬಡಿದು ಆರು ತಿಂಗಳಾದರೂ ಕಳೆದಿತ್ತು. ಭ್ರೂಣಮೂಲದಿಂದ ಬೆಳೆಸಿದ ನರ ಕಾಂಡಕೋಶಗಳನ್ನು, ಒಬ್ಬೊಬ್ಬರಿಗೆ ೨೦ ಲಕ್ಷದಿಂದ ೨ ಕೋಟಿಯವರೆಗೆ, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಸೂಜಿಯ ಮೂಲಕ ಗಾಯದ ಬಳಿಯಲ್ಲಿಯೇ ಇರಿಸಿದರು. ಎರಡು ವರ್ಷ ಕಾದು, ೨೦೧೬ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಶಗಳಿಂದ ಕೇಡೇನೂ ಕಂಡುಬಂದಿರಲಿಲ್ಲ. ಕೆಲವರಲ್ಲಿ ಅಲ್ಪಸ್ವಲ್ಪ ಸುಧಾರಣೆ ಇತ್ತು. ಆದರೆ ಹೋಲಿಸಿ ನೋಡಲು ಕೋಶ ಪಡೆಯದ ಇನ್ನೊಂದು ಗುಂಪು ಅಲ್ಲಿರಲಿಲ್ಲ.

ಹೋಲಿಕೆಯ ಗುಂಪು ಏಕೆ ಬೇಕು? ಶಾಲೆಯಲ್ಲಿ ನಾವು ಕಂಡ ಮಾತೊಂದನ್ನು ಹೇಳುತ್ತೇವೆ. ಮೊದಲ ಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದ ಮಕ್ಕಳನ್ನು ಆರಿಸಿ ಮನೆಪಾಠಕ್ಕೆ ಕಳುಹಿಸಿದರೆ ಮುಂದಿನ ಪರೀಕ್ಷೆಯಲ್ಲಿ ಅವರ ಅಂಕ ಏರುವುದುಂಟು. ಪಾಠ ಹೇಳಿದವರು ಕೀರ್ತಿ ಪಡೆಯುತ್ತಾರೆ. ಆದರೆ ಮನೆಪಾಠಕ್ಕೆ ಹೋಗದ ಅಂಥದೇ ಮಕ್ಕಳ ಅಂಕವನ್ನೂ ತೆಗೆದು ನೋಡಿದರೆ ಅವರದೂ ಸ್ವಲ್ಪ ಏರಿರುತ್ತದೆ. ಮೊದಲ ಸಲದ ಜ್ವರ, ಹೆದರಿಕೆ ಹೋಗಿರುತ್ತದೆ, ಪರೀಕ್ಷೆಯ ರೂಢಿಯಾಗಿರುತ್ತದೆ. ಎರಡು ಗುಂಪುಗಳ ಏರಿಕೆಯ ನಡುವಣ ಅಂತರವಷ್ಟೇ ಮನೆಪಾಠದ ನಿಜವಾದ ಫಲ. ರೋಗಿಯ ವಿಷಯದಲ್ಲಿಯೂ ಹೀಗೆಯೇ. ಕಾಲ, ವ್ಯಾಯಾಮ, ಆರೈಕೆ, ಗುಣವಾದೀತೆಂಬ ನಂಬಿಕೆ, ಇವೆಲ್ಲವೂ ತಮ್ಮ ಪಾಲನ್ನು ಕೊಡುತ್ತವೆ. ಅದನ್ನು ಕಳೆದು ಉಳಿದದ್ದು ಚಿಕಿತ್ಸೆಯ ಪಾಲು.

ಪೆಟ್ಟಿನಿಂದಾದ ಮಿದುಳಿನ ಗಾಯದ ಮೇಲೆ ಇಂಥ ಹೋಲಿಕೆಯೊಡನೆ ನಡೆದ ಒಂದು ಮುಖ್ಯ ಪ್ರಯೋಗ ೨೦೧೬ರಲ್ಲಿ ಆರಂಭವಾದದ್ದು. ಜಪಾನಿನ ಸಂಸ್ಥೆಯೊಂದು ಆರೋಗ್ಯವಂತ ದಾನಿಗಳ ಎಲುಬುಮಜ್ಜೆಯ ಕೋಶಗಳನ್ನು ಸಂಸ್ಕರಿಸಿ ಸಿದ್ಧಪಡಿಸಿತು. ಇವು ನರ ಕಾಂಡಕೋಶಗಳಲ್ಲ, ಅವುಗಳ ದೂರದ ದಾಯಾದಿಗಳೆನ್ನಬಹುದು. ಗಾಯವಾಗಿ ವರ್ಷ ಕಳೆದಿದ್ದು, ಕೈಕಾಲುಗಳ ಬಲಹೀನತೆ ಉಳಿದಿದ್ದ ೬೧ ಮಂದಿಯಲ್ಲಿ ೪೬ ಮಂದಿಗೆ ಕೋಶಗಳನ್ನು ಮಿದುಳಿನೊಳಗೇ ಇರಿಸಿದರು. ಉಳಿದ ೧೫ ಮಂದಿಗೆ ಶಸ್ತ್ರಕ್ರಿಯೆಯ ನಟನೆಯನ್ನಷ್ಟೇ ಮಾಡಿದರು: ಬುರುಡೆಯನ್ನು ಸ್ವಲ್ಪ ಕೊರೆದು, ಮಿದುಳನ್ನು ಮುಟ್ಟದೆ ಬಿಟ್ಟರು. ತಾನು ಯಾವ ಗುಂಪಿನವನೆಂದು ರೋಗಿಗೂ ತಿಳಿಯದು, ಪರೀಕ್ಷಿಸುವವರಿಗೂ ತಿಳಿಯದು. ಆರು ತಿಂಗಳ ಬಳಿಕ ೧೦೦ ಅಂಕಗಳ ಚಲನಶಕ್ತಿಯ ಮಾಪನದಲ್ಲಿ ಕೋಶ ಪಡೆದವರು ಸರಾಸರಿ ೮.೩ ಅಂಕ ಏರಿದ್ದರು, ಪಡೆಯದವರು ೨.೩ ಅಂಕ.

ಅಂತರ ಆರು ಅಂಕ. ಇದು ಶೂನ್ಯವಲ್ಲ. ಮುಷ್ಟಿ ಬಿಚ್ಚಲಾಗದವನು ಲೋಟ ಹಿಡಿಯುವಂತಾದರೆ ಆ ಮನೆಗೆ ಅದು ದೊಡ್ಡದೇ. ಆದರೆ ಸತ್ತ ಮಿದುಳು ಚಿಗುರಿತೆಂದು ಹೇಳುವಂಥದೂ ಅಲ್ಲ. ಇದೇ ಕೋಶಗಳನ್ನು ಪಾರ್ಶ್ವವಾಯುವಿನ ರೋಗಿಗಳಲ್ಲಿ ಪ್ರಯೋಗಿಸಿದಾಗ ಉದ್ದೇಶಿಸಿದ ಫಲ ದೊರೆಯಲಿಲ್ಲವೆಂದು ೨೦೧೯ರಲ್ಲಿ ಆ ಸಂಸ್ಥೆಯೇ ಪ್ರಕಟಿಸಿತು. ಪೆಟ್ಟಿನ ಗಾಯದ ಮಟ್ಟಿಗೆ ಜಪಾನ್ ಸರಕಾರ ೨೦೨೪ರ ಜುಲೈ ತಿಂಗಳಲ್ಲಿ ಅನುಮತಿ ಕೊಟ್ಟಿತು. ಅದೂ ಷರತ್ತುಗಳಿಗೆ ಒಳಪಟ್ಟ, ಕಾಲಮಿತಿಯುಳ್ಳ ಅನುಮತಿ.

ನೇಜಿಯೋ, ಗೊಬ್ಬರವೋ?

ಇಷ್ಟು ಶ್ರಮಕ್ಕೆ ಇಷ್ಟೇ ಫಲವೇಕೆ ಎಂದರೆ, ನಮ್ಮ ನೇಜಿಯ ಹೋಲಿಕೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ನೆಟ್ಟ ನೇಜಿ ತಾನೇ ಬೇರುಬಿಟ್ಟು ತೆನೆ ಕೊಡುತ್ತದೆ. ಮಿದುಳಿನಲ್ಲಿ ನೆಟ್ಟ ಕೋಶಗಳಲ್ಲಿ ಬಹುಪಾಲು ಬಾಳುವುದಿಲ್ಲ. ಮೇಲೆ ಹೇಳಿದ ಮಜ್ಜೆಯ ಕೋಶಗಳು ಪ್ರಾಣಿಗಳ ಮಿದುಳಿನಲ್ಲಿ ಕೆಲವು ವಾರಗಳಲ್ಲಿಯೇ ಕಣ್ಮರೆಯಾದವು. ಬಾಳಿದ ಕೋಶವೂ ನರಕೋಶವಾಗಿ, ಸರಿಯಾದ ನೆರೆಯವರನ್ನು ಹುಡುಕಿ, ಅಲ್ಲಿಂದ ಬೆನ್ನುಹುರಿಯವರೆಗೆ ಉದ್ದನೆಯ ತಂತುವನ್ನು ಚಾಚಬೇಕಾದರೆ ಕಲೆಗಟ್ಟಿದ ಪ್ರದೇಶವನ್ನು ದಾಟಬೇಕು. ಅದು ಬಹು ಕಷ್ಟ.

ಈ ಪ್ರಯೋಗಗಳಲ್ಲಿ ಕಂಡ ಅಲ್ಪ ಫಲಕ್ಕೆ ವಿಜ್ಞಾನಿಗಳು ಹೇಳುವ ಮುಖ್ಯ ಕಾರಣ ಬೇರೆಯೇ. ನೆಟ್ಟ ಕೋಶಗಳು ತಾವಿರುವಷ್ಟು ದಿನ ಪೋಷಕ ದ್ರವ್ಯಗಳನ್ನು ಸ್ರವಿಸುತ್ತವೆ. ಅವು ಬಾವನ್ನು ತಗ್ಗಿಸುತ್ತವೆ; ಬದುಕುಳಿದ ನರಕೋಶಗಳಿಗೆ ಹೊಸ ಸಂಬಂಧ ಬೆಳೆಸಲು ನೆರವಾಗುತ್ತವೆ. ಎಂದರೆ ಅವು ನೇಜಿಗಿಂತ ಹೆಚ್ಚಾಗಿ ಗೊಬ್ಬರದ ಕೆಲಸ ಮಾಡುತ್ತವೆ. ಗೊಬ್ಬರ ಬೆಳೆಗೆ ಬಲ ಕೊಡುತ್ತದೆ. ಬರಿಯ ಗದ್ದೆಗೆ ಸುರಿದರೆ ಅದೇ ಬೆಳೆಯಾಗದು.

ಹೊಳೆಯ ಇನ್ನೊಂದು ದಡ

ಫಲ ಬಾರದಿದ್ದರೂ ಕೇಡಿಲ್ಲವಷ್ಟೆ, ಮಾಡಿಸಿ ನೋಡೋಣ ಎನ್ನುವವರಿದ್ದಾರೆ. ಅವರು ಒಂದು ನಡೆದ ಸಂಗತಿಯನ್ನು ತಿಳಿಯಬೇಕು. ಇಸ್ರೇಲಿನ ಬಾಲಕನೊಬ್ಬನಿಗೆ ಹುಟ್ಟಿನಿಂದ ಬಂದ ನರರೋಗವಿತ್ತು. ತಂದೆತಾಯಿಗಳು ಅವನನ್ನು ೨೦೦೧ರಿಂದ ಮೂರು ಸಲ ಮಾಸ್ಕೋ ನಗರಕ್ಕೆ ಕರೆದೊಯ್ದು, ಭ್ರೂಣಗಳಿಂದ ತೆಗೆದ ನರ ಕಾಂಡಕೋಶಗಳನ್ನು ಮಿದುಳಿಗೂ ಬೆನ್ನುಹುರಿಯ ದ್ರವಕ್ಕೂ ಹಾಕಿಸಿದರು. ಮೊದಲ ಚಿಕಿತ್ಸೆಯಾಗಿ ನಾಲ್ಕು ವರ್ಷಗಳಾಗುವಷ್ಟರಲ್ಲಿ ತಲೆನೋವು ಕಾಣಿಸಿಕೊಂಡಿತು. ಪರೀಕ್ಷಿಸಿದರೆ ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಗಡ್ಡೆಗಳು. ಬೆನ್ನುಹುರಿಯ ಗಡ್ಡೆಯನ್ನು ೨೦೦೬ರಲ್ಲಿ ತೆಗೆದು ಪರಿಶೀಲಿಸಿದಾಗ ಅದರ ಕೋಶಗಳು ಬಾಲಕನವಲ್ಲ, ದಾನಿಗಳವೆಂದು ತಿಳಿಯಿತು. ಈ ವೃತ್ತಾಂತ ೨೦೦೯ರಲ್ಲಿ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಗಿದೆ. ವೃದ್ಧಿಯಾಗುವ ಶಕ್ತಿಯೇ ಕಾಂಡಕೋಶದ ಗುಣ. ಆ ಶಕ್ತಿ ಹತೋಟಿ ಮೀರಿದರೆ ಅದೇ ರೋಗ.

ನಮ್ಮ ದೇಶದ ನಿಯಮವಾದರೂ ಸ್ಪಷ್ಟವಾಗಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿಗಳ ಪ್ರಕಾರ, ರಕ್ತಸಂಬಂಧವಾದ ರೋಗಗಳಿಗೆ ಮಾಡುವ ಮಜ್ಜೆಯ ಕಾಂಡಕೋಶಗಳ ಕಸಿಯಂಥದನ್ನು ಬಿಟ್ಟರೆ, ಉಳಿದ ಕಾಂಡಕೋಶ ಚಿಕಿತ್ಸೆಗಳೆಲ್ಲ ಇನ್ನೂ ಪ್ರಯೋಗದ ಅವಸ್ಥೆಯವು. ಅವುಗಳನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಮಾಡಬಹುದು. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಚಿಕಿತ್ಸೆಯ ಹಣ ವಸೂಲು ಮಾಡುವಂತಿಲ್ಲ.

ಆದಕಾರಣ ಇಂಥ ಕಾಗದ ಕೈಗೆ ಬಂದಾಗ ವಾಚಕರು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದು ಪ್ರಯೋಗವಾದರೆ ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿಯಲ್ಲಿ ಇದರ ಸಂಖ್ಯೆ ಯಾವುದು? ೨೦೦೯ರಿಂದ ನೋಂದಣಿ ಕಡ್ಡಾಯವಾಗಿದೆ. ಆ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರೂ ನೋಡಬಹುದು. ಎರಡನೆಯದು, ಹಣ ಏಕೆ? ಮೂರನೆಯದು, ಪ್ರಯೋಗದಿಂದ ಕೇಡಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡುವ ಹೊಣೆ ಯಾರದು? ೨೦೧೯ರ ನಿಯಮಗಳು ಆ ಹೊಣೆಯನ್ನು ಪ್ರಯೋಗ ನಡೆಸುವವರ ಮೇಲೆ ಹೊರಿಸಿವೆ. ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ದೊರೆಯದಿದ್ದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಉಳಿದ ದಾರಿ

ಇಷ್ಟನ್ನೂ ನಾವು ಆ ತಾಯಿಗೆ ಹೇಳಿ ಮುಗಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಹಾಗಾದರೆ ಏನೂ ಇಲ್ಲವೆಂದೇ ಹೇಳುವುದೋ, ಮಾಷ್ಟ್ರೇ?" ಎಂದರು. ಆ ಪ್ರಶ್ನೆಗೆ ಉತ್ತರವಿಲ್ಲದೆ ಹೋಗಿದ್ದರೆ ಈ ಲೇಖನವನ್ನು ಬರೆಯುವ ಧೈರ್ಯ ನಮಗೆ ಬರುತ್ತಿರಲಿಲ್ಲ.

ಉತ್ತರವಿದೆ, ಆದರೆ ಅದು ಬಣ್ಣದ ಕಾಗದದಲ್ಲಿ ಅಚ್ಚಾಗುವಂಥದಲ್ಲ. ಸತ್ತ ನರಕೋಶ ಮರಳಿ ಬಾರದಿದ್ದರೂ, ಬದುಕುಳಿದವು ಹೊಸ ಸಂಬಂಧಗಳನ್ನು ಕಟ್ಟಿಕೊಳ್ಳುತ್ತವೆ. ಒಂದು ದಾರಿ ಮುಚ್ಚಿದರೆ ಬಳಸುದಾರಿ ಹುಡುಕುತ್ತವೆ. ಆ ದಾರಿ ಸವೆಯುವುದು ಅಭ್ಯಾಸದಿಂದ ಮಾತ್ರ. ಮರಳಿನಲ್ಲಿ ಬೆರಳಿಟ್ಟು ಅಕ್ಷರ ತಿದ್ದಿಸುವಾಗ ಮೊದಲ ದಿನವೇ 'ಅ' ಬಂದ ಮಗುವನ್ನು ನಾವು ಕಂಡಿಲ್ಲ. ನೂರು ಸಲ ತಿದ್ದಿದ ಮೇಲೆಯೂ ಬಾರದೆ ಹೋದ ಮಕ್ಕಳೂ ವಿರಳ. ಅಂಗವ್ಯಾಯಾಮದ ತಜ್ಞರು ಹೇಳಿಕೊಟ್ಟ ಚಲನೆಯನ್ನು ದಿನಕ್ಕೆ ಹಲವು ಹತ್ತು ಸಲ, ತಿಂಗಳುಗಟ್ಟಲೆ ಮಾಡಿಸುವುದು ಇದೇ ಬಗೆಯ ಕೆಲಸ. ಮೊದಲ ತಿಂಗಳುಗಳಲ್ಲಿ ಫಲ ಹೆಚ್ಚು ಎಂಬುದು ನಿಜ. ಆದರೆ ಎರಡು ವರ್ಷ ಕಳೆದರೆ ಬಾಗಿಲು ಮುಚ್ಚಿತೆಂದು ತಿಳಿಯಬಾರದು.

ಮಾತಿನ ವಿಷಯದಲ್ಲಿ ನಮ್ಮ ಗಡಿನಾಡಿನವರು ಒಂದು ಅಂಶವನ್ನು ಗಮನಿಸಬೇಕು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ, ಹೀಗೆ ನಾವು ಬಾಳುತ್ತೇವೆ. ಮಿದುಳಿಗೆ ಪೆಟ್ಟಾದಾಗ ಈ ಭಾಷೆಗಳೆಲ್ಲ ಸಮನಾಗಿ ಮರಳುವುದಿಲ್ಲ. ಮಾತು ಕಲಿಸುವ ತಜ್ಞರಿಗೆ ನಮ್ಮ ಭಾಷೆ ಬಾರದಿದ್ದರೆ, ರೋಗಿ ಉತ್ತರಿಸದೆ ಕುಳಿತದ್ದನ್ನು ಬುದ್ಧಿಮಾಂದ್ಯವೆಂದು ಎಣಿಸುವ ಅಪಾಯವಿದೆ. ಮೊದಲ ದಿನವೇ ಇವನ ಮನೆಮಾತು ಯಾವುದು, ಓದಿದ್ದು ಯಾವುದರಲ್ಲಿ ಎಂದು ತಿಳಿಸುವುದು ಮನೆಯವರ ಕರ್ತವ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನರ್ವಸತಿಗೆಂದೇ ಒಂದು ವಿಭಾಗವಿದೆ. ತೋಟ ಮಾರುವ ಮೊದಲು ಅಲ್ಲಿಗೊಮ್ಮೆ ಹೋಗಿ ಬರುವಂತೆ ನಾವು ಆ ತಾಯಿಗೆ ಹೇಳಿದೆವು.

ವಿಜ್ಞಾನದ ಬಗ್ಗೆ ನಿರಾಶೆ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಹೊಸ ನರಕೋಶ ಹುಟ್ಟುವುದೇ ಇಲ್ಲ ಎನ್ನುತ್ತಿದ್ದ ಕಾಲದಿಂದ ನೂರು ವರ್ಷಗಳಲ್ಲಿ ಆರು ಅಂಕಗಳಷ್ಟು ದೂರ ಬಂದಿದ್ದೇವೆ. ನಮ್ಮ ಶಾಲೆಯ ಮಕ್ಕಳು ಮುದುಕರಾಗುವ ಹೊತ್ತಿಗೆ ಅದು ಅರುವತ್ತಾದರೂ ಆಶ್ಚರ್ಯವಿಲ್ಲ. ಆದರೆ ಮುಂದೆ ಬರಬಹುದಾದ ಬೆಳೆಯನ್ನು ತೋರಿಸಿ ಇಂದೇ ಬೆಲೆ ವಸೂಲು ಮಾಡುವವರ ಬಗ್ಗೆ ಎಚ್ಚರವಿರಲಿ. ಮತ್ತು, ಮದ್ದು ಬಿಡುವ ಹಂಗಾಮಿನಲ್ಲಿ ಒದ್ದೆ ಮರ ಏರುವ ತರುಣರು ಸೊಂಟಕ್ಕೊಂದು ಹಗ್ಗ, ತಲೆಗೊಂದು ಶಿರಸ್ತ್ರಾಣ ಇಲ್ಲದೆ ಏರದಂತೆ ಮನೆಯ ಹಿರಿಯರು ನೋಡಿಕೊಳ್ಳಲಿ. ಕೆಡದ ಮಿದುಳಿಗಿಂತ ಉತ್ತಮವಾದ ಮಿದುಳನ್ನು ಯಾವ ದೇಶದ ಯಾವ ವೈದ್ಯನೂ ಇಂದಿಗೆ ಕೊಡಲಾರ.

ಕೆಳಗಿನ ತೋಟ ಇನ್ನೂ ಆ ಮನೆಯವರದೇ ಆಗಿದೆ. ಕಳೆದ ವಾರ ಆ ತಾಯಿ ಮತ್ತೆ ಶಾಲೆಗೆ ಬಂದಿದ್ದರು. ಈ ಸಲ ಚೀಲದಿಂದ ತೆಗೆದದ್ದು ನಾಲ್ಕು ಗೆರೆಯ ಕಾಪಿ ಪುಸ್ತಕ. ಎಡಗೈಯಲ್ಲಿ ಬರೆದ ಅಕ್ಷರಗಳು, ಗೆರೆ ಮೀರಿ ಅತ್ತಿತ್ತ ಓಡಿದ್ದವು. ಕೊನೆಯ ಪುಟದಲ್ಲಿ ಅವನ ಹೆಸರಿತ್ತು. ಅದನ್ನು ಮಾತ್ರ ಬಲಗೈಯಲ್ಲಿಯೇ ಬರೆದನೆಂದು ತಾಯಿ ಹೇಳಿದರು. ಮೂವತ್ತು ವರ್ಷಗಳ ರೂಢಿಯಂತೆ ನಾವು ಕೆಂಪು ಶಾಯಿಯಲ್ಲಿ ತಿದ್ದಿ, ಮುಂದಿನ ಪುಟಕ್ಕೆ ಮೇಲ್ಪಂಕ್ತಿ ಬರೆದುಕೊಟ್ಟೆವು.